'ತಾನಾಗಿಯೇ' ಎಂಬ ಮಾತು

ಕರಾವಳಿಯಲ್ಲಿ ಬದುಕುವ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಹನದ ಮುಂಗಾಜೆಂದರೆ ನೀರಿನ ಪರದೆಯೇ ಸರಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ತುಂತುರು, ಮರುತಿರುವಿನಲ್ಲಿ ಕೊಡದಿಂದ ಸುರಿದಂಥ ಮಳೆ. ಹಿಂದೆಲ್ಲ ವೈಪರ್ ಕೈಕೊಟ್ಟರೆ ಲಾರಿ ಚಾಲಕರು ಬೀಡಿ ಬಿಚ್ಚಿ ಹೊಗೆಸೊಪ್ಪಿನ ಹುಡಿಯನ್ನು ಗಾಜಿಗೆ ಉಜ್ಜುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ನೀರು ಹನಿಗಟ್ಟಿ ನಿಲ್ಲದೆ ತೆಳುವಾಗಿ ಹರಡಿ ಜಾರಿಹೋಗಲೆಂದು ಆ ಉಪಾಯ.

ಈಗ ಹಲವು ಕಾರುಗಳಲ್ಲಿ ಮೊದಲ ಹನಿಗಳು ಬೀಳುತ್ತಲೇ ವೈಪರ್ ಎದ್ದು ಒರೆಸುತ್ತದೆ. ನಮ್ಮ ಕುಟುಂಬಕ್ಕೆ ಅಂಥದೊಂದು ಕಾರು ಬಂದಾಗ ಹಿಂದಿನ ಸೀಟಿನಲ್ಲಿದ್ದ ಉಮ್ಮ ಕೇಳಿದರು: "ನೀವು ಯಾರೂ ಏನೂ ಒತ್ತಲಿಲ್ಲವಲ್ಲ, ಮಳೆ ಬಂತೆಂದು ಅದಕ್ಕೆ ಹೇಳಿದ್ದು ಯಾರು?" ಕಾರು ಓಡಿಸುತ್ತಿದ್ದ ತಮ್ಮ, "ಅದು ತಾನಾಗಿಯೇ ಉಮ್ಮಾ" ಎಂದ. ಉಮ್ಮನಿಗೆ ಸಮಾಧಾನವಾಗಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. 'ತಾನಾಗಿಯೇ' ಎಂಬ ಪದ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ, ಉತ್ತರಿಸುವುದಿಲ್ಲ.

ಹಿನ್ನೋಟದ ಕನ್ನಡಿಯ ಹಿಂದೆ, ಗಾಜಿನ ಒಳಮೈಗೆ ಒಂದು ಪುಟ್ಟ ಸೆನ್ಸರ್ ಅಂಟಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಗಾಜಿನೊಳಗೆ ಹಾಯಿಸುತ್ತದೆ. ಗಾಜಿನಿಂದ ಗಾಳಿಗೆ ಹೊರಡುವ ಬೆಳಕು ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಗೆ ಹೋಗಲಾರದು, ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಹೊರಮೈ ಒಣಗಿದ್ದಾಗ ಆಗುವುದು ಇದೇ. ಅಲ್ಲಿ ನೀರಿನ ಹನಿ ಕುಳಿತರೆ ಆ ಮಿತಿ ಸುಮಾರು 62 ಡಿಗ್ರಿಗೆ ಏರುತ್ತದೆ. ಆಗ 45 ಡಿಗ್ರಿಯ ಬೆಳಕಿನಲ್ಲಿ ಒಂದು ಪಾಲು ಹನಿಯ ಮೂಲಕ ಹೊರಗೆ ಸೋರಿಹೋಗುತ್ತದೆ. ಮರಳಿ ಬಂದ ಬೆಳಕು ಎಷ್ಟು ಕಡಿಮೆಯಾಯಿತು, ಎಷ್ಟು ಬೇಗ ಕಡಿಮೆಯಾಯಿತು ಎಂದು ಲೆಕ್ಕ ಹಾಕಿ, ವೈಪರ್ ಯಾವ ವೇಗದಲ್ಲಿ ಓಡಬೇಕೆಂದು ಎಲೆಕ್ಟ್ರಾನಿಕ್ ನಿಯಂತ್ರಕ ನಿರ್ಧರಿಸುತ್ತದೆ. ಅಂದರೆ ಸೆನ್ಸರ್ ನೋಡುವುದು ಮಳೆಯನ್ನಲ್ಲ, ಕಳೆದುಹೋದ ಬೆಳಕನ್ನು.

ಹನಿಯೊಳಗೆ ಬೆಳಕು ಏನು ಮಾಡುತ್ತದೆ ಎಂಬ ಕುತೂಹಲ ಕಾರಿಗಿಂತ ಬಹಳ ಹಳೆಯದು. 14ನೇ ಶತಮಾನದ ಆರಂಭದಲ್ಲಿ ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ, ಇಬ್ನುಲ್ ಹೈಸಮ್‌ರ ದೃಗ್ವಿಜ್ಞಾನದ ಗ್ರಂಥವನ್ನು ಪರಿಷ್ಕರಿಸುತ್ತಾ ಗಾಜಿನ ಗೋಲವೊಂದಕ್ಕೆ ನೀರು ತುಂಬಿದರು. ಅದೇ ಅವರ ದೊಡ್ಡ ಮಳೆಹನಿ. ಕತ್ತಲ ಕೋಣೆಯಲ್ಲಿ ಅದರ ಮೇಲೆ ಬೆಳಕು ಬಿಟ್ಟು, ಕಾಮನಬಿಲ್ಲು ಮೂಡುವುದು ಹೇಗೆಂದು ವಿವರಿಸಿದರು. ಅವರಿಂದಲೇ ವೈಪರ್ ಹುಟ್ಟಿತೆಂದು ಹೆಮ್ಮೆಪಟ್ಟುಕೊಳ್ಳಲು ನಾವು ಇದನ್ನು ಹೇಳುತ್ತಿಲ್ಲ. ಹನಿಯೊಂದರ ಮುಂದೆ ತಾಳ್ಮೆಯಿಂದ ಕೂತವರ ಸಾಲು ಉದ್ದವಿದೆ ಎಂದಷ್ಟೇ ಹೇಳಬೇಕಿದೆ.

ಆ ಸಾಲಿನಲ್ಲಿ ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಇದ್ದಾರೆ. ನ್ಯೂಯಾರ್ಕಿನ ಚಳಿಗಾಲದಲ್ಲಿ ಟ್ರಾಮ್ ಚಾಲಕನು ದಾರಿ ಕಾಣದೆ ಪಡುತ್ತಿದ್ದ ಪಾಡು ನೋಡಿ, ಒಳಗಿನಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ಸಾಧನ ರೂಪಿಸಿದರು. 1903ರ ನವೆಂಬರ್ 10ರಂದು ಪೇಟೆಂಟ್ ಸಿಕ್ಕಿತು. 1905ರಲ್ಲಿ ಕೆನಡಾದ ಸಂಸ್ಥೆಯೊಂದು, ಇದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ಹಿಂದಿರುಗಿಸಿತು. ಕಾರುಗಳು ಬೀದಿ ತುಂಬುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು. ಆ ಸಾಧನದಿಂದ ಅವರಿಗೆ ಹಣ ಬರಲೇ ಇಲ್ಲ.

ವೈಪರ್‌ಗೆ ಎಲೆಕ್ಟ್ರಾನಿಕ್ ಬುದ್ಧಿ ಕೊಟ್ಟ ರಾಬರ್ಟ್ ಕರ್ನ್ಸ್ ಕಥೆ ಇನ್ನೂ ಕಠಿಣ. 1953ರಲ್ಲಿ, ಮದುವೆಯ ರಾತ್ರಿ, ಬಾಟಲಿಯ ಬಿರಡೆ ಸಿಡಿದು ಅವರ ಎಡಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು. ನಮ್ಮ ರೆಪ್ಪೆ ಒಂದೇ ಸಮನೆ ಬಡಿಯುವುದಿಲ್ಲ, ಬಡಿದು ನಿಂತು ಮತ್ತೆ ಬಡಿಯುತ್ತದೆ. ವೈಪರ್ ಕೂಡ ಹಾಗೇಕೆ ಓಡಬಾರದು ಎಂದು ಅವರು ಯೋಚಿಸಿದರು. ಸೃಷ್ಟಿಕರ್ತನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ ರೆಪ್ಪೆಯನ್ನು ಅಷ್ಟು ಗಮನವಿಟ್ಟು ನೋಡಿದವರು ಎಷ್ಟು ಮಂದಿ? ಕೆಪಾಸಿಟರ್ ನಿಧಾನವಾಗಿ ತುಂಬಿ ಖಾಲಿಯಾಗುವ ಗುಣ ಬಳಸಿ ಆ ವಿರಾಮವನ್ನು ಸಾಧಿಸಿ, 1964ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಫೋರ್ಡ್ ಕಂಪೆನಿಗೆ ತೋರಿಸಿದರು. ಮಾತುಕತೆ ಮುರಿಯಿತು. 1969ರಲ್ಲಿ ಫೋರ್ಡ್ ಕಾರುಗಳಲ್ಲಿ ಅಂಥ ವೈಪರ್ ಬಂತು. 1978ರಲ್ಲಿ ಅವರು ದಾವೆ ಹೂಡಿದರು. ಬಳಸಿದ ಬಿಡಿಭಾಗಗಳೆಲ್ಲ ಮೊದಲೇ ಇದ್ದವು, ಹೊಸತೇನಿದೆ ಎಂಬುದು ಕಂಪೆನಿಯ ವಾದ. 1990ರಲ್ಲಿ ಜ್ಯೂರಿ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದಿತು, ಆದರೆ ಅದು ಉದ್ದೇಶಪೂರ್ವಕವಲ್ಲ ಎಂದೂ ಹೇಳಿತು. ಫೋರ್ಡ್ ಸುಮಾರು 1 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಕ್ರೈಸ್ಲರ್ ವಿರುದ್ಧವೂ ಅವರು ಗೆದ್ದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು, ಸಂಸಾರ ಮುರಿದಿತ್ತು. 2005ರಲ್ಲಿ ತೀರಿಕೊಂಡರು.

ದುಡಿದವನ ಬಾಕಿಯನ್ನು ತಡಮಾಡದೆ ತೀರಿಸಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಅದು ಕೈಯ ದುಡಿಮೆಗೆ ಮಾತ್ರವೇ? ಯೋಚಿಸಿ ಸವೆದ ತಲೆಗೂ ಹಕ್ಕಿದೆಯಲ್ಲವೇ? ತಡವಾಗಿ ಬಂದ ಹಣ ಆ ಮನೆಯ ಕಳೆದ ವರ್ಷಗಳನ್ನು ಮರಳಿ ತರಲಿಲ್ಲ.

ಕರ್ನ್ಸ್ ಕೊಟ್ಟದ್ದು ವಿರಾಮ. ಅದರ ಉದ್ದವನ್ನು ಮಳೆಯೇ ನಿರ್ಧರಿಸುವಂತೆ ಮಾಡಿದವರು ಆಮೇಲಿನವರು. 1970ರ ಸಿಟ್ರೊಯೆನ್ ಎಸ್‌ಎಂ ಕಾರಿನಲ್ಲಿ ವೈಪರ್ ಮೋಟಾರ್ ಎಳೆಯುವ ಕರೆಂಟನ್ನು ಅಳೆಯುತ್ತಿದ್ದರು; ಒಣಗಾಜಿನಲ್ಲಿ ಘರ್ಷಣೆ ಹೆಚ್ಚು, ಕರೆಂಟೂ ಹೆಚ್ಚು. ಬೆಳಕಿನ ಸೆನ್ಸರ್‌ಗಳು ಕಾರುಗಳಲ್ಲಿ ಹರಡತೊಡಗಿದ್ದು 1990ರ ದಶಕದಲ್ಲಿ.

ಇಷ್ಟಾದರೂ ಯಂತ್ರಕ್ಕೆ ಕಾಣುವುದು ಅಂಗೈಗಿಂತ ಚಿಕ್ಕ ಜಾಗ. ಅಲ್ಲಿ ಕೆಸರು ಸಿಡಿದರೂ ಅದು ಮಳೆಯೆಂದು ಭ್ರಮಿಸಬಹುದು. ಗಾಜು ಬದಲಿಸುವಾಗ ಸೆನ್ಸರಿನ ಅಂಟುಪದರದಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ. ಕಾರು ತೊಳೆಯುವಾಗ 'ಆಟೋ' ಸ್ಥಾನದಿಂದ ತಪ್ಪಿಸಿಡದಿದ್ದರೆ, ಒರೆಸುವವನ ಬೆರಳಿಗೇ ವೈಪರ್ ಬಡಿದೀತು. ಘಾಟಿಯಲ್ಲಿ ಎದುರು ಬರುವ ಬಸ್ಸನ್ನು, ಮಂಜಿನ ಅಂಚಿನಲ್ಲಿ ಛತ್ರಿ ಹಿಡಿದು ನಡೆಯುವವರನ್ನು ಸೆನ್ಸರ್ ನೋಡುವುದಿಲ್ಲ. ಆ ಹೊಣೆ ಚಾಲಕನದೇ.

ನಮ್ಮ ಮಕ್ಕಳು ಬಾಗಿಲಿನಿಂದ ದೀಪದವರೆಗೆ ಎಲ್ಲವೂ ತಾನಾಗಿಯೇ ಆಗುವುದನ್ನು ನೋಡುತ್ತ ಬೆಳೆಯುತ್ತಿದ್ದಾರೆ. ಇದನ್ನು ಮಾಡಿದವರು ಯಾರು, ಅವರಿಗೆ ಸಲ್ಲಬೇಕಾದದ್ದು ಸಂದಿತೇ ಎಂದು ಕೇಳುವ ಅಭ್ಯಾಸವನ್ನು ಮಾತ್ರ ಯಾವ ಯಂತ್ರವೂ ಕಲಿಸದು. ಅದನ್ನು ಮನೆಯಲ್ಲೇ ಕಲಿಸಬೇಕು.