ಸರದಿಯ ಪಟ್ಟಿಯೂ ರೋಗಿಯ ಹಾಸಿಗೆಯೂ

ಮದುವೆಗೆ ಪಂಚಾಂಗವೂ ಪಾಠಶಾಲೆಗೆ ವೇಳಾಪಟ್ಟಿಯೂ ಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಕಾಯಿಲೆಗೆ ಮಾತ್ರ ಇವೆರಡರ ಹಂಗೂ ಇಲ್ಲ. ಅದು ರಾಹುಕಾಲವನ್ನು ನೋಡುವುದಿಲ್ಲ. ರಜೆಯ ದಿನವೆಂದು ಬಾಗಿಲಲ್ಲಿ ನಿಲ್ಲುವುದೂ ಇಲ್ಲ. ಹೀಗಿರುವಾಗ, ಕಾಯಿಲೆಯನ್ನೇ ಪಾಠವಾಗಿ ಕಲಿಯತಕ್ಕ ವಿದ್ಯಾರ್ಥಿಗೆ ವೇಳಾಪಟ್ಟಿಯನ್ನು ಹಾಕಿಕೊಡುವುದು ಎಷ್ಟು ತೊಡಕಿನ ಕೆಲಸವೆಂಬುದನ್ನು ವಾಚಕರು ಊಹಿಸಬಹುದು. ವೈದ್ಯವಿದ್ಯಾರ್ಥಿಯು ಪುಸ್ತಕವನ್ನು ಮಡಿಸಿಟ್ಟು ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ಈ ಶಿಕ್ಷಣಕ್ಕೆ ಅಮೆರಿಕಾದಲ್ಲಿ ‘ಕ್ಲರ್ಕ್‌ಷಿಪ್’ ಎಂದು ಹೆಸರು. ಹೆಸರು ಗುಮಾಸ್ತೆಯ ಕೆಲಸವನ್ನು ನೆನಪಿಗೆ ತರುವುದು ನಿಜ. ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಬರೆದಿಡುವುದು ಮೊದಲಿನಿಂದಲೂ ವಿದ್ಯಾರ್ಥಿಯ ಪಾಲಿಗೆ ಬಂದ ಕೆಲಸವಾಗಿತ್ತು.

ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿ ಹೊಸದಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬೂರ್ಹಾವನು ಕೇವಲ 12 ಹಾಸಿಗೆಗಳನ್ನಿಟ್ಟುಕೊಂಡು ಯೂರೋಪಿನ ನಾನಾ ಕಡೆಗಳಿಂದ ಬಂದ ಶಿಷ್ಯರಿಗೆ ಪಾಠ ಹೇಳಿದನು. ಕವಿಯೆಂದು ಪ್ರಸಿದ್ಧನಾದ ಕೀಟ್ಸನು 1816ರಲ್ಲಿ ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನ ಕೈಕೆಳಗೆ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದನು. ಅಮೆರಿಕಾದಲ್ಲಾದರೋ ಹತ್ತೊಂಬತ್ತನೆಯ ಶತಮಾನದ ಬಹುಭಾಗ, ಉಪನ್ಯಾಸಗಳನ್ನು ಕೇಳಿ, ರೋಗಿಯ ಮೈಯನ್ನು ಮುಟ್ಟದೆಯೇ ಪದವಿಯನ್ನು ಪಡೆದವರು ಅನೇಕರಿದ್ದರು. ಈ ಕೊರತೆಯನ್ನು ಕಂಡವನು ವಿಲಿಯಂ ಆಸ್ಲರ್. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಯು 1893ರಲ್ಲಿ ಆರಂಭವಾದ ಮೇಲೆ, ಅವನು ವಿದ್ಯಾರ್ಥಿಗಳನ್ನು ವಾರ್ಡಿನ ಪ್ರೇಕ್ಷಕರನ್ನಾಗಿ ಅಲ್ಲ, ಕೆಲಸಗಾರರನ್ನಾಗಿ ಮಾಡಿದನು. ಒಬ್ಬೊಬ್ಬನಿಗೂ ಕೆಲವು ಹಾಸಿಗೆಗಳು; ಆ ಹಾಸಿಗೆಗಳ ರೋಗಿಗಳಿಗೆ ಅವನೇ ಹೊಣೆಗಾರ. ತಾನು ಮಾಡಿದ ಕೆಲಸಗಳಲ್ಲೆಲ್ಲ ಇದೇ ಹೆಚ್ಚು ಪ್ರಯೋಜನಕರವೆಂದು ಆಸ್ಲರನು ಭಾವಿಸಿದ್ದನು.

ಅನಂತರ ವೈದ್ಯಶಾಸ್ತ್ರ ಬೆಳೆಯಿತು, ವಿಭಾಗಗಳು ಹೆಚ್ಚಿದುವು, ವಿದ್ಯಾರ್ಥಿಯ ವರ್ಷವು ತುಂಡುತುಂಡಾಯಿತು. ಇಂದು ಅಮೆರಿಕಾದ ಬಹುತೇಕ ವೈದ್ಯಶಾಲೆಗಳಲ್ಲಿ ಮೆಡಿಸಿನ್, ಶಸ್ತ್ರಚಿಕಿತ್ಸೆ, ಶಿಶುಚಿಕಿತ್ಸೆ, ಪ್ರಸೂತಿ, ಮನೋರೋಗ, ಕುಟುಂಬವೈದ್ಯ ಎಂದು ಒಂದೊಂದು ವಿಭಾಗದಲ್ಲಿಯೂ ಕೆಲವು ವಾರಗಳ ವಾಸ. ಒಂದು ಮುಗಿದರೆ ಪರೀಕ್ಷೆ. ಮರುವಾರ ಬೇರೆ ವಾರ್ಡು, ಬೇರೆ ಗುರು, ಬೇರೆ ರೋಗಿಗಳು. ಈ ಸರದಿಯಲ್ಲಿ ಯಾವುದು ಮೊದಲು, ಯಾವುದು ಕಡೆ ಎಂಬ ವಿಚಾರದಲ್ಲಿ ವಿದ್ಯಾರ್ಥಿಗಳು ಪಡುವ ಕಳವಳ ಜಾತಕ ಹೊಂದಿಸುವವರ ಕಳವಳಕ್ಕೆ ಕಡಮೆಯಲ್ಲ. ಮೇಲಿನ ತರಗತಿಯವರು ಹೇಳುವ ಬುದ್ಧಿವಾದವೂ ಉಂಟು: ಯಾವ ವಿದ್ಯೆಯಲ್ಲಿ ತಜ್ಞನಾಗಬೇಕೆಂಬ ಆಸೆಯಿದೆಯೋ ಅದನ್ನು ಮೊದಲಿಗೆ ಇಡಬೇಡ, ಆಗ ಕೈ ಹದವಾಗಿರುವುದಿಲ್ಲ, ಕಡೆಗೂ ಇಡಬೇಡ, ಆಗ ಅರ್ಜಿಯ ಕಾಲ ಮೀರಿರುತ್ತದೆ, ಮೆಡಿಸಿನ್ ಮುಂಚೆ ಮುಗಿದರೆ ಮಿಕ್ಕವು ಸುಲಭವಾಗುವುವು.

ಇದನ್ನು ಹುಡುಗರ ಲೆಕ್ಕಾಚಾರವೆಂದು ನಗುವುದು ನ್ಯಾಯವಲ್ಲ. ತಜ್ಞಶಿಕ್ಷಣದ ಅರ್ಜಿ ಸೆಪ್ಟೆಂಬರಿನಲ್ಲಿ ಹೋಗುತ್ತದೆ. ಯಾವ ಊರು, ಯಾವ ಆಸ್ಪತ್ರೆ ಎಂಬ ತೀರ್ಪು ಮಾರ್ಚಿಯಲ್ಲಿ ಬರುತ್ತದೆ. 2022ರಿಂದೀಚೆಗೆ ಅಲ್ಲಿನ ಮೊದಲ ಅನುಮತಿಪರೀಕ್ಷೆಗೆ ಅಂಕಗಳು ಹೋಗಿ ಬರಿಯ ತೇರ್ಗಡೆ ಉಳಿದಿರುವುದರಿಂದ, ವಾರ್ಡಿನಲ್ಲಿ ದೊರೆಯುವ ಶ್ರೇಣಿಗೆ ತೂಕ ಹೆಚ್ಚಿದೆ. ಸಾಲ ಮಾಡಿ ಓದುವವರಿಗೂ, ನಡುವೆ ಮದುವೆಯನ್ನೋ ಬಾಣಂತನವನ್ನೋ ನಿರೀಕ್ಷಿಸುವವರಿಗೂ ಒಂದು ತಿಂಗಳ ಹಿಂದುಮುಂದೂ ಸಣ್ಣದಲ್ಲ.

ಆದರೆ ಈ ಲೆಕ್ಕದಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ, ಅವರೇ ರೋಗಿ. ಪ್ರಸೂತಿ ವಿಭಾಗದ ಆರು ವಾರಗಳಲ್ಲಿ ವಿದ್ಯಾರ್ಥಿನಿಯೊಬ್ಬಳು ಗರ್ಭಿಣಿಯನ್ನು ಪರೀಕ್ಷಿಸುತ್ತಾಳೆ. ಹೆರಿಗೆಯ ದಿನ ಬರುವ ವೇಳೆಗೆ ಅವಳು ಮನೋರೋಗದ ವಾರ್ಡಿನಲ್ಲಿರುತ್ತಾಳೆ. ಮಗು ಎದ್ದು ಕುಳಿತುಕೊಳ್ಳುವುದನ್ನು ನೋಡುವ ವಿದ್ಯಾರ್ಥಿ ಮತ್ತೊಬ್ಬ. ಅವನಿಗೆ ತಾಯಿಯ ಪರಿಚಯವಿಲ್ಲ. ಸಕ್ಕರೆ ಕಾಯಿಲೆಯವನಿಗೆ ಪಾದದ ಆರೈಕೆಯನ್ನು ವಸಂತದಲ್ಲಿ ಹೇಳಿಕೊಟ್ಟವನು ಒಬ್ಬ. ಮಾಗಿಯಲ್ಲಿ ಅದೇ ಪಾದದ ಬೆರಳನ್ನು ಕತ್ತರಿಸುವಾಗ ನಿಂತು ನೋಡಿದವನು ಇನ್ನೊಬ್ಬ. ಮೊದಲನೆಯವನಿಗೆ ತನ್ನ ಮಾತು ಫಲಿಸಲಿಲ್ಲವೆಂಬುದು ತಿಳಿಯುವುದೇ ಇಲ್ಲ. ವೈದ್ಯನಿಗೆ ತಿಳಿದಿರಲೇಬೇಕಾದ ಸಂಗತಿ ಅದೇ ಅಲ್ಲವೆ? ಆಸ್ಪತ್ರೆಯ ವಿಭಾಗಗಳನ್ನು ಸುತ್ತುವುದರಲ್ಲಿ ರೋಗದ ಒಂದೊಂದು ಪುಟ ಕಾಣಿಸುತ್ತದೆ, ಕಥೆ ಕಾಣಿಸುವುದಿಲ್ಲ.

ಇದನ್ನು ಮನಗಂಡು ಪಟ್ಟಿಯನ್ನೇ ಬೇರೆ ರೀತಿಯಲ್ಲಿ ಹೆಣೆದವರಿದ್ದಾರೆ. ಮಿನ್ನೆಸೋಟ ವಿಶ್ವವಿದ್ಯಾನಿಲಯವು 1971ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಹಳ್ಳಿಗಾಡಿನ ವೈದ್ಯರ ಬಳಿ ತಿಂಗಳುಗಟ್ಟಲೆ ನಿಲ್ಲಲು ಕಳುಹಿಸಿತು. ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯವು 1997ರಲ್ಲಿ ರಿವರ್‌ಲ್ಯಾಂಡ್ ಸೀಮೆಯ ಸಣ್ಣ ಊರುಗಳಲ್ಲಿ ಇಡೀ ವರ್ಷದ ಶಿಕ್ಷಣವನ್ನು ಏರ್ಪಡಿಸಿತು. ಹಾರ್ವರ್ಡಿನವರು ಕೇಂಬ್ರಿಡ್ಜ್ ಎಂಬ ಪಕ್ಕದ ಊರಿನಲ್ಲಿ 2004ರಲ್ಲಿ ಎಂಟು ಮಂದಿಯಿಂದ ಇಂಥದೇ ಪ್ರಯೋಗವನ್ನು ತೊಡಗಿದರು. ಇಲ್ಲಿ ವಿದ್ಯಾರ್ಥಿಗೆ ವಾರ್ಡುಗಳ ಸರದಿಯಲ್ಲ, ರೋಗಿಗಳ ಒಂದು ಗುಂಪು. ವಾರದ ಒಂದು ಹೊತ್ತು ಶಿಶುಚಿಕಿತ್ಸೆ, ಮತ್ತೊಂದು ಹೊತ್ತು ಮೆಡಿಸಿನ್. ತನ್ನ ಗರ್ಭಿಣಿಗೆ ನೋವು ಕಾಣಿಸಿಕೊಂಡಿತೆಂದು ಸುದ್ದಿ ಬಂದರೆ ಪಾಠವನ್ನು ಬಿಟ್ಟು ಅಲ್ಲಿಗೆ ಓಡಬೇಕು. ಹೀಗೆ ಕಲಿತರೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಾರೆಂಬ ಭಯವಿತ್ತು. ರಿವರ್‌ಲ್ಯಾಂಡಿನವರು ದೊಡ್ಡ ಆಸ್ಪತ್ರೆಯ ಸಹಪಾಠಿಗಳಿಗಿಂತ ಉತ್ತಮ ಫಲವನ್ನೇ ಪಡೆದರೆಂದು 2004ರಲ್ಲಿ ಪ್ರಕಟವಾಯಿತು.

ಈ ಮಾರ್ಗ ಎಲ್ಲರಿಗೂ ಸಲ್ಲುವುದೆಂದು ಹೇಳಲಾಗದು. ನೂರಾರು ವಿದ್ಯಾರ್ಥಿಗಳಿರುವ ಕಡೆ ಒಬ್ಬೊಬ್ಬನಿಗೂ ವರ್ಷವಿಡೀ ಜೊತೆಗಿರುವ ಗುರುವನ್ನು ಹುಡುಕುವುದು ಕಷ್ಟ. ಶಸ್ತ್ರಚಿಕಿತ್ಸೆಯಂಥ ವಿದ್ಯೆಯು ದಿನದಿನವೂ ನೋಡಿದರೆ ಕಣ್ಣಿಗೆ ಹತ್ತುತ್ತದೆ. ವಾರಕ್ಕೊಮ್ಮೆ ಇಣಿಕಿದರೆ ಹತ್ತುವುದು ತಡ. ಬೆಳಗಿನ ಯೋಜನೆ ಸಂಜೆಗೆ ನಿಲ್ಲದ ಬಾಳಿನಲ್ಲಿ ವಿದ್ಯಾರ್ಥಿಯೂ ದಣಿಯುತ್ತಾನೆ.

ಭಾರತದಲ್ಲಿಯೂ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ‘ಪೋಸ್ಟಿಂಗ್’ ಎಂಬ ಹೆಸರಿನಲ್ಲಿ ವಿಭಾಗದಿಂದ ವಿಭಾಗಕ್ಕೆ ಸುತ್ತುತ್ತಾರೆ. ಕೊನೆಯ ಪರೀಕ್ಷೆಯ ಮೇಲೆ ಇಂಟರ್ನ್‌ಷಿಪ್ಪಿನ ಒಂದು ವರ್ಷವೂ ಸರದಿಯದೇ. ಆದರೆ 2021–22ರಲ್ಲಿ ಸೇರಿದ ತಂಡದಿಂದ ಮೊದಲ್ಗೊಂಡು, ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ತನ್ನವೆಂದು ಸ್ವೀಕರಿಸಿ, ಅವರ ಆರೋಗ್ಯವನ್ನು ವರ್ಷದಿಂದ ವರ್ಷಕ್ಕೆ ವಿಚಾರಿಸಿಕೊಳ್ಳಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿಧಿಸಿದೆ. ಪುಸ್ತಕದಲ್ಲಿ ಸಹಿ ಹಾಕಿಸುವುದರಲ್ಲಿಯೇ ಮುಗಿದರೆ ಇದು ಮತ್ತೊಂದು ಪಟ್ಟಿಯಾದೀತು. ಮನೆಯವರು ವಿದ್ಯಾರ್ಥಿಯ ಹೆಸರು ಹಿಡಿದು ಕರೆಯುವಂತಾದರೆ ಪಾಠವಾದೀತು.

ಪಟ್ಟಿಯಿಲ್ಲದೆ ಆಸ್ಪತ್ರೆ ನಡೆಯದು. ಅದನ್ನು ಬರೆಯುವವರ ಶ್ರಮವನ್ನು ಹಗುರವಾಗಿ ಕಾಣಬಾರದು. ಅವರಲ್ಲಿ ಕೇಳಿಕೊಳ್ಳತಕ್ಕದ್ದು ಒಂದೇ: ವಾರಗಳ ಎಣಿಕೆಯ ನಡುವೆ ಒಂದಿಷ್ಟು ಬಿಡುವನ್ನು ಉಳಿಸಬೇಕು, ಹಿಂದಿನ ವಾರ್ಡಿನ ರೋಗಿಯನ್ನು ಮತ್ತೆ ಕಂಡುಬರಲು ವಿದ್ಯಾರ್ಥಿಗೆ ಅದರಲ್ಲಿ ಅನುಮತಿಯಿರಬೇಕು. ವಿದ್ಯಾರ್ಥಿಯಾದರೂ ತನ್ನ ಸರದಿ ಹಿಂದಾಯಿತೆ ಮುಂದಾಯಿತೆ ಎಂದು ನೂರು ಬಾರಿ ಎಣಿಸುವ ಮನಸ್ಸನ್ನು ಒಂದು ಬಾರಿ ಅತ್ತ ತಿರುಗಿಸಿ, ಆ ಪಾದ ಏನಾಯಿತು, ಆ ಮಗು ಹೇಗಿದೆ ಎಂದು ವಿಚಾರಿಸಬಹುದು. ಅದಕ್ಕೆ ಅಂಕಗಳಿಲ್ಲ, ಆದರೂ ಅಂಥವನ ಕೈಗೆ ತಮ್ಮ ಮನೆಯವರನ್ನು ಒಪ್ಪಿಸಲು ಯಾರೂ ಹಿಂದೆಗೆಯಲಾರರು.