10 ಪೌಂಡಿಗೆ ಉಳಿದ ಪಾದ್ರಿಯ ಮನೆ

ಇಂಗ್ಲೆಂಡ್ ಅಂದ ಕೂಡಲೇ ನಮಗೆ ನೆನಪಾಗೋದು ಲಂಡನ್ನು, ಅರಮನೆ, ದೊಡ್ಡ ಗಡಿಯಾರ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲೋ ಅಲ್ಲಿಗೆ ಹೋಗಿ ಬಂದವರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಕೇಳಿ ನೋಡಿ, ಎಲ್ಲರದೂ ಇದೇ ಪಟ್ಟಿ! ನಾನು ಇವತ್ತು ನಿಮ್ಮನ್ನು ಕರೆದುಕೊಂಡು ಹೋಗೋದು ಅರಮನೆಗಲ್ಲ ಸೋದರಿಯರೇ, ಗೋರಿಗಳ ಅಂಗಳದ ಪಕ್ಕದಲ್ಲಿರುವ ಒಂದು ಹುಲ್ಲುಮಾಡಿನ ಮನೆಗೆ.

ಊರಿನ ಹೆಸರು ಆಲ್‌ಫ್ರಿಸ್ಟನ್. ಇಂಗ್ಲೆಂಡಿನ ದಕ್ಷಿಣ ತುದಿಯ ಪೂರ್ವ ಸಸೆಕ್ಸಿನಲ್ಲಿದೆ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲು ಹತ್ತಿ ಲ್ಯೂಯಿಸ್ ಮೂಲಕ ಬರ್ವಿಕ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಇಳಿಯಬೇಕು. ಸ್ಕಾಟ್ಲೆಂಡಿನ ಗಡಿಯಲ್ಲೂ ಬರ್ವಿಕ್ ಅಂತ ಒಂದು ಊರಿದೆ, ಟಿಕೆಟ್ ತೆಗೆಯುವಾಗ ಜೋಕೆ! ಸ್ಟೇಷನ್ನಿನಿಂದ ಸುಮಾರು 3 ಮೈಲಿ. ಸುತ್ತಲೂ ಹಸಿರು ಹೊದ್ದ ಗುಡ್ಡಗಳು. ಆದರೆ ಹುಲ್ಲಿನ ಕೆಳಗೆ ಇರೋದೆಲ್ಲ ಸೀಮೆಸುಣ್ಣ, ನಮ್ಮ ಮಕ್ಕಳು ಸ್ಲೇಟು, ಬೋರ್ಡುಗಳ ಮೇಲೆ ಬರೆದಂಥ ಬಿಳಿಯ ಕಲ್ಲು.

ಊರ ಬಯಲಿನಲ್ಲಿ ದಿಬ್ಬದ ಮೇಲೆ ಸೇಂಟ್ ಆಂಡ್ರ್ಯೂ ಚರ್ಚು. ಚಕಮಕಿ ಕಲ್ಲಿನಲ್ಲಿ ಕಟ್ಟಿದ, ಹಳ್ಳಿಗೆ ಸ್ವಲ್ಪ ದೊಡ್ಡದೇ ಎನಿಸುವ 14ನೇ ಶತಮಾನದ ಚರ್ಚು. ಅದರ ಮಗ್ಗುಲಲ್ಲೇ ಕಕ್‌ಮಿಯರ್ ಎಂಬ ಸಣ್ಣ ಹೊಳೆ ಸಮುದ್ರದ ಕಡೆಗೆ ಹರಿಯುತ್ತದೆ. ಚರ್ಚಿನ ಅಂಗಳ ಮುಗಿಯುವ ಕಡೆ, ತಲೆ ತಗ್ಗಿಸಿ ಕುಳಿತ ಅಜ್ಜಿಯ ಹಾಗೆ ಆ ಮನೆ ಇದೆ. ಆರುನೂರು ವರ್ಷ ದಾಟಿದ ಮನೆ. ಓಕ್ ಮರದ ಚೌಕಟ್ಟು, ಅದರ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಟ್ಟಿಗೋಡೆ, ಮೇಲೆ ದಪ್ಪನೆಯ ಹುಲ್ಲಿನ ಮಾಡು.

ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬನ್ನಿ. ನಡುಮನೆಗೆ ಅಟ್ಟವಿಲ್ಲ, ಕಣ್ಣೆತ್ತಿದರೆ ನೇರ ಮಾಡಿನ ತೊಲೆಗಳೇ ಕಾಣುತ್ತವೆ. ಹಿಂದೆ ಇಲ್ಲಿ ಚಿಮಣಿ ಇರಲಿಲ್ಲ. ನೆಲದ ಮಧ್ಯದಲ್ಲೇ ಬೆಂಕಿ ಹಾಕುತ್ತಿದ್ದರು, ಹೊಗೆ ಮೇಲೇರಿ ಮಾಡಿನ ಸಂದಿಯಿಂದ ಹೊರಗೆ ಹೋಗಬೇಕು. ಸೌದೆ ಒಲೆ ಊದಿ ಕಣ್ಣು ಕೆಂಪಾಗಿಸಿಕೊಂಡ ನಮಗೆ ಆ ಮನೆಯ ಅಡುಗೆಯವಳ ಪಾಡು ಬಿಡಿಸಿ ಹೇಳಬೇಕೇ?

ಇನ್ನು ಕಾಲ ಕೆಳಗೆ ನೋಡಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ನೆಲ. ಗುಡ್ಡದ ಸೀಮೆಸುಣ್ಣವನ್ನು ಪುಡಿ ಮಾಡಿ, ಹರಡಿ, ದಮ್ಮಸು ಮಾಡಿ ಗಟ್ಟಿಯಾಗಿಸಿ, ಮೇಲೆ ಹುಳಿ ಹಾಲು ಸುರಿದು ಒಣಗಿಸಿದ್ದಾರೆ. ಧೂಳು ಏಳದ ಹಾಗೆ ಹಾಲೇ ಹಿಡಿದಿಡುತ್ತದಂತೆ! ನಾವು ಸಗಣಿಯಿಂದ ಸಾರಿಸಿದೆವು, ಅವರು ಕೆಟ್ಟ ಹಾಲಿನಿಂದ. ಮನೆಯಲ್ಲಿ ಏನಿದೆಯೋ ಅದರಲ್ಲೇ ನೆಲ ಹಸನು ಮಾಡುವ ಜಾಣತನ ಮಾತ್ರ ಒಂದೇ.

ಚರ್ಚಿಗೆ ಸೇರಿದ ಈ ಮನೆಯಲ್ಲಿ ಕಾಲ ಉರುಳಿದಂತೆ ಪಾದ್ರಿಗಳು ಇರೋದು ಬಿಟ್ಟರು. ಮನೆಯನ್ನು ಭಾಗ ಮಾಡಿ ಬಡ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟರು. ರಿಪೇರಿ ಯಾರು ಮಾಡಿಸುತ್ತಾರೆ? 1880ರ ದಶಕದ ಹೊತ್ತಿಗೆ ಹಾಳುಮನೆಯಾಗಿ, ಕೆಡವೋಣ ಎಂಬ ತೀರ್ಮಾನವೂ ಆಯಿತು.

ಆಗ ಅಡ್ಡ ಬಂದವಳು ಒಬ್ಬ ಮುದುಕಿ. ಹ್ಯಾರಿಯೆಟ್ ಕೋಟ್ಸ್ ಅಂತ ಹೆಸರು. ಆ ಮನೆಯ ಕೊನೆಯ ಬಾಡಿಗೆದಾರಳು. ಕಣ್ಣು ಮುಚ್ಚುವ ತನಕ ತನ್ನನ್ನು ಇಲ್ಲೇ ಇರಲು ಬಿಡಿ ಎಂದು ಬೇಡಿಕೊಂಡಳು. ಹಾಗೇ ಬಿಟ್ಟರು. 1888ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಚರಿತ್ರೆ ಉಳಿಸಬೇಕು ಅಂತ ಅವಳೇನೂ ಹಠ ಹಿಡಿದವಳಲ್ಲ, ತನ್ನ ಒಲೆ, ತನ್ನ ಮೂಲೆ ಅಷ್ಟೇ ಅವಳಿಗೆ ಬೇಕಾಗಿತ್ತು. ಆದರೆ ಆ ಕೆಲವು ವರ್ಷವೇ ಮನೆಗೆ ಆಯುಷ್ಯ ಕೊಟ್ಟಿತು.

ಅಷ್ಟರಲ್ಲಿ ಊರಿಗೆ ಬಂದ ಹೊಸ ಪಾದ್ರಿ ಬೇನನ್ ಅವರಿಗೆ ಮನೆಯ ಬೆಲೆ ತಿಳಿಯಿತು. ಕೈಯಲ್ಲಿ ಹಣವಿಲ್ಲ. ಅಲ್ಲಿ ಇಲ್ಲಿ ಮೊರೆ ಹೋದರು. ಕೊನೆಗೆ ಅವರ ಕೂಗು ಮುಟ್ಟಿದ್ದು 1895ರಲ್ಲಿ ಆಗತಾನೇ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರು ಹೆಂಗಸು, ಆಕ್ಟೇವಿಯಾ ಹಿಲ್. ಲಂಡನ್ನಿನ ಬಡವರಿಗೆ ವಾಸಯೋಗ್ಯವಾದ ಬಾಡಿಗೆ ಮನೆ ಸಿಗಲಿ ಎಂದು ಮೂವತ್ತು ವರ್ಷ ದುಡಿದಿದ್ದ ಮಹಾತಾಯಿ. ಸೂರಿನ ಬೆಲೆ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1896ರಲ್ಲಿ ಟ್ರಸ್ಟು ಈ ಮನೆಯನ್ನು ಕೇವಲ 10 ಪೌಂಡಿಗೆ ಕೊಂಡಿತು. ಟ್ರಸ್ಟು ಕೊಂಡ ಮೊಟ್ಟಮೊದಲ ಕಟ್ಟಡ ಇದೇ! ರಿಪೇರಿಗೆ ಅದರ ಹತ್ತಾರು ಪಟ್ಟು ಹಣ ಬೇಕಾಯಿತು. ಆಕ್ಟೇವಿಯಾ ಅದಕ್ಕಾಗಿ ಊರೂರಿನ ಜನರ ಮುಂದೆ ಕೈಯೊಡ್ಡಿದರು.

ಇವತ್ತು ಆ ಟ್ರಸ್ಟಿಗೆ 50 ಲಕ್ಷಕ್ಕೂ ಹೆಚ್ಚು ಸದಸ್ಯರು. ಅದರ ಗುರುತು ಓಕ್ ಎಲೆ. ಈ ಮನೆಯ ನಡುಮನೆಯ ಮೂಲೆಯಲ್ಲಿ ಮರದ ಮೇಲೆ ಕೊರೆದ ಓಕ್ ಎಲೆಯೊಂದಿದೆ, ಗುರುತು ಬಂದದ್ದು ಅಲ್ಲಿಂದಲೇ ಎನ್ನುವವರೂ ಉಂಟು. ಹೋದಾಗ ಹುಡುಕಿ ನೋಡಿ.

ಹೊರಗೆ ಹೂವು, ತರಕಾರಿ, ಹಣ್ಣಿನ ಮರಗಳ ಕೈತೋಟವಿದೆ, ಲ್ಯಾವೆಂಡರ್ ಗಮಗಮಿಸುತ್ತದೆ. ವರ್ಷವಿಡೀ ತೆರೆದಿರುವುದಿಲ್ಲ, ಹೊರಡುವ ಮೊದಲು ದಿನ ವಿಚಾರಿಸಿ. ಪ್ರವೇಶಕ್ಕೆ ಹಣವುಂಟು. ಬೇಸಿಗೆಯಾದರೂ ಒಂದು ಸ್ವೆಟರ್ ಕೈಯಲ್ಲಿರಲಿ.

ತೋಟದಲ್ಲಿ ಕುಳಿತಾಗ ನನಗೆ ನೆನಪಾದದ್ದು ನನ್ನ ತವರು. ಸೋರುತ್ತೆ, ಹಳೇದು, ಕೆಡವೋಣ ಅಂತ ಅಣ್ಣಂದಿರು ಅಂದಾಗ ನಾನು ಹೂಂ ಅಂದಿದ್ದೆ. ಕಂಬಗಳನ್ನು ಸೌದೆಯ ಬೆಲೆಗೆ ಕೊಟ್ಟೆವು. ಅಮ್ಮ ಒಬ್ಬರೇ, ನಾನಿರೋತನಕ ಇರಲಿ ಬಿಡ್ರೋ ಅಂದಿದ್ದರು. ಮುದುಕಿ ಮಾತು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಸೇರಿ.

ನಿಮ್ಮ ಮನೆಯಲ್ಲಿ ಅಂಥ ಮಾತು ಎದ್ದರೆ, ಅಜ್ಜಿ ಏನಂತಾರೆ ಅಂತ ಒಮ್ಮೆ ಕೇಳಿ.