ಆರು ತುಂಬಲಿ ಅಂದಿದ್ದೆ

ಅಕ್ಕನ ಮನೆ ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ. ಅವಳ ಮಗನಿಗೆ ನಾಲ್ಕೂವರೆ ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಆಸರೆ ಇಲ್ಲದೆ ಕೂರೋಕಾಗಲ್ಲ, ಮಾತು ತಡವರಿಸುತ್ತೆ. ತಲೆ ಮಾತ್ರ ಚುರುಕು. ಬೈಕ್ ಸದ್ದು ಕೇಳಿಯೇ ಅಪ್ಪ ಬಂದರೋ ಪಕ್ಕದ ಮನೆಯವರೋ ಅಂತ ಹೇಳ್ತಾನೆ.

ಜೂನ್‌ನಲ್ಲಿ ಒಂದು ಖಾಸಗಿ ನರ್ಸರಿಯವರು "ಬೇರೆ ಪೋಷಕರು ಒಪ್ಪಲ್ಲ" ಅಂದು ಕಳಿಸಿದರಂತೆ. ರಾತ್ರಿ ಅಕ್ಕ ಫೋನ್ ಮಾಡಿದಳು. ನಾನು ಬೆಂಗಳೂರಿನ ಪಿಜಿಯಲ್ಲಿ ಲ್ಯಾಪ್‌ಟಾಪ್‌ನಿಂದ ಕಣ್ಣು ತೆಗೆಯದೇ, "ಬಿಡಕ್ಕ, ಆರು ತುಂಬಲಿ, ಆಮೇಲೆ ಸ್ಪೆಷಲ್ ಸ್ಕೂಲ್ ನೋಡೋಣ" ಅಂದೆ. ಅವಳು ಏನೂ ಹೇಳದೆ ಫೋನ್ ಇಟ್ಟಳು.

ನಿದ್ದೆ ಬರಲಿಲ್ಲ. ಕಾನೂನು ಹುಡುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹತ್ತಿರದ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಇರೋದು 6ರಿಂದ 18 ವರ್ಷದವರಿಗೆ. ಆರ್‌ಟಿಇ ಶುರುವಾಗೋದೂ ಆರಕ್ಕೇ. ನನ್ನ ಬಾಯಿಂದ ಬಂದಿದ್ದೂ ಅದೇ ಆರು! ಅದಕ್ಕೆ ಮೊದಲು ಹಳ್ಳಿಯಲ್ಲಿ ಇರೋದು ಅಂಗನವಾಡಿ. ಇಂಥ ಮಕ್ಕಳನ್ನು ಬೇಗ ಗುರುತಿಸಿ, ಚಿಕಿತ್ಸೆಗೆ ಕಳಿಸಿ, ಎಲ್ಲರ ಜೊತೆಗೇ ಕಲಿಸಬೇಕು ಅಂತ ಅಂಗನವಾಡಿಗಳಿಗೆ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಂದು ಪ್ರೋಟೋಕಾಲ್ ಕೊಟ್ಟಿದೆ.

ಇದನ್ನೆಲ್ಲ ಓದಿ ಭಾರಿ ಉತ್ಸಾಹದಲ್ಲಿ ಫೋನ್ ಮಾಡಿದರೆ ಅಕ್ಕ, "ನೀ ಹುಡುಕೋದ್ರಾಗೆ ನಾ ಅಂಗನವಾಡಿಗೆ ಸೇರ್ಸಿ ವಾರ ಆತು ಕಣೋ" ಅಂದಳು.

ಶ್ರಾವಣದಲ್ಲಿ ಊರಿಗೆ ಹೋದವನು ನೋಡೋಕೆ ಹೋದೆ. ಎರಡು ಗೋಡೆ ಸೇರೋ ಮೂಲೆಯಲ್ಲಿ, ಎರಡೂ ಪಕ್ಕ ಸುತ್ತಿದ ಕಂಬಳಿ ಇಟ್ಟು ಟೀಚರ್ ಅವನನ್ನು ಕೂರಿಸಿದ್ದರು. ದಾವಣಗೆರೆಯಲ್ಲಿ ಥೆರಪಿಯವರು ಅಕ್ಕನಿಗೆ ಹೇಳಿಕೊಟ್ಟಿದ್ದು, ಅಕ್ಕ ಟೀಚರ್‌ಗೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದರು. ಮೊದಲು ಮಕ್ಕಳು ನಡುವೆ ಗುಂಡಗೆ ಕೂರ್ತಿದ್ದರಂತೆ, ಇವನೊಬ್ಬ ಮೂಲೆಯಲ್ಲಿ. ಯಾರೂ ಹೇಳದೇನೇ ಗುಂಪು ಈಗ ಮೂಲೆಗೆ ಸರಿದಿದೆ. ಅವನ ಪಕ್ಕದ ಜಾಗಕ್ಕೆ ಇಬ್ಬರು ಹುಡುಗಿಯರ ಜಗಳ ಬೇರೆ.

ಎಲ್ಲ ಸುಲಭ ಅಂತಲ್ಲ. ಹಾಡಿಗೆ ಚಪ್ಪಾಳೆ ಹೊಡೆಯುವಾಗ ಅವನ ಕೈ ಕೂಡೋಷ್ಟರಲ್ಲಿ ಉಳಿದವರು ಮುಂದಿನ ಸಾಲಿಗೆ ಹೋಗಿಬಿಡ್ತಾರೆ, ಇವನು ಕಿರುಚ್ತಾನೆ. ಟಾಯ್ಲೆಟ್‌ಗೆ ಅಂತ ದಿನಾ ಹನ್ನೊಂದಕ್ಕೆ ಅಕ್ಕ ತೋಟದಿಂದ ಓಡಿ ಬರಬೇಕು. ಇರೋದು ಒಬ್ಬ ಟೀಚರ್, ಒಬ್ಬ ಸಹಾಯಕಿ. ಅವರನ್ನು ದೂರೋದು ಹೇಗೆ?

ಸುಸ್ತಾಗಿರಬೇಕು ಅಂತ "ಬಾರೋ, ಮನೆಗೆ ಹೋಗೋಣ" ಅಂತ ಎತ್ತಿಕೊಳ್ಳೋಕೆ ಹೋದೆ. ಕಂಬಳಿಯನ್ನು ಬಿಗಿಯಾಗಿ ಹಿಡಿದ. ಮೂರು ಸಲ ಪ್ರಯತ್ನಪಟ್ಟು ಹೇಳಿದ: "ಮಾಮ, ಮೊಟ್ಟೆ... ಇನ್ನೂ ಕೊಟ್ಟಿಲ್ಲ."